ಐದು ತಿಂಗಳು, ಐದು ಅಧ್ಯಕ್ಷರು

ಬಿಸ್ಕತ್ತು ಕೊಟ್ಟವರು ಯಾರು ಎಂಬುದು ನನಗೆ ಖಚಿತವಿಲ್ಲ. ಆ ತಿಂಗಳ ಅಧ್ಯಕ್ಷರೇ ತಟ್ಟೆಯಿಂದ ಎತ್ತಿ ಮಗುವಿನ ಬಾಯಿಗೆ ಇಟ್ಟರು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗ ಅವರ ಬೆರಳಿನ ಹರಳುಂಗುರ ಕೂಡ ಕಣ್ಣಿಗೆ ಕಟ್ಟುತ್ತದೆ. ಆದರೆ ಅದೇ ಕೋಣೆಯಲ್ಲಿ, ನನ್ನ ಎದುರಿಗೇ ಕೂತಿದ್ದ ಫಿಸಿಯೋಥೆರಪಿಸ್ಟ್ ಹೇಳುವುದು ಬೇರೆ. "ಇಲ್ಲ ಸಾರ್, ನೀವೇ ಕೊಟ್ಟಿದ್ದು. ಅಧ್ಯಕ್ಷರು ಫೋಟೋಗೆ ನಕ್ಕೊಂಡು ನಿಂತಿದ್ರು." ಅವರಿಗೆ ಸುಳ್ಳು ಹೇಳಲು ಕಾರಣವಿಲ್ಲ. ನನಗೆ ಇದೆ. ಉಂಗುರದ ವಿಷಯವನ್ನೂ ಯೋಚಿಸಿ ನೋಡಿದ್ದೇನೆ. ಅಂಥ ಉಂಗುರ ಹಾಕಿದವರನ್ನು ನಾನು ಬೇರೆ ಎಲ್ಲೋ ಕಂಡು, ಇಲ್ಲಿ ತಂದು ಜೋಡಿಸಿರಬಹುದು. ನೆನಪು ಹಾಗೆ ಮಾಡುತ್ತದೆ ಎಂದು ವಿಶ್ವವಿದ್ಯಾಲಯದಲ್ಲಿ ಓದಿದ್ದೆ. ಓದಿದ್ದು ಪರೀಕ್ಷೆಗೆ ಉಪಯೋಗವಾಯಿತು.

ಉಳಿದದ್ದನ್ನು ನನಗೆ ನೆನಪಿರುವಂತೆ ಬರೆಯುತ್ತೇನೆ.

ನಾನಾಗ ಬಂಗಾರಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಅಂಗವಿಕಲತೆ ಇರುವ ಪುಟ್ಟ ಮಕ್ಕಳಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ ಸಂಯೋಜಕನಾಗಿದ್ದೆ. ಆರು ವರ್ಷದೊಳಗಿನ ಮಕ್ಕಳನ್ನು ಗುರುತಿಸುವುದು, ಅವರಿಗೆ ಬೇಕಾದ ಚಿಕಿತ್ಸೆ, ಸಲಕರಣೆ, ಅಂಗನವಾಡಿಯಲ್ಲಿ ಜಾಗ, ಇವನ್ನೆಲ್ಲ ಕೊಡಿಸುವುದು ನಮ್ಮ ಕೆಲಸ. ಒಂದು ಮಗುವಿಗೆ ಇಷ್ಟು ಕೊಡಿಸಲು ಮೂರು ಸರ್ಕಾರಿ ಕಚೇರಿಗಳು ಒಪ್ಪಬೇಕಿತ್ತು. ಒಂದು ಕಚೇರಿಯವರು ಇನ್ನೊಂದು ಕಚೇರಿಯತ್ತ ಕೈ ತೋರಿಸುತ್ತಿದ್ದರು. ಇದನ್ನು ಸರಿಪಡಿಸುವ ಉಪಾಯ ನನ್ನ ಹತ್ತಿರ ಇದೆ ಎಂದು ನಾನು ನಂಬಿದ್ದೆ.

ಉಪಾಯದ ಹೆಸರು ಸಹಭಾಗಿ ನಾಯಕತ್ವ. ಸ್ನಾತಕೋತ್ತರ ಓದುವಾಗ ಅದರ ಮೇಲೆ ಒಂದು ಇಡೀ ಪತ್ರಿಕೆ ಇತ್ತು. ನಮ್ಮನ್ನು ಹುಲ್ಲಿನ ಮೇಲೆ ವೃತ್ತಾಕಾರವಾಗಿ ಕೂರಿಸಿ, ಒಂದು ಉಲ್ಲನ್ ದಾರದ ಉಂಡೆಯನ್ನು ಒಬ್ಬರಿಂದ ಒಬ್ಬರಿಗೆ ಎಸೆಯಲು ಹೇಳುತ್ತಿದ್ದರು. ಕೊನೆಗೆ ನಡುವೆ ಬಲೆಯಂಥದ್ದು ಆಗುತ್ತಿತ್ತು. ನೋಡಿ, ಇದರಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ಅಧ್ಯಾಪಕರು ಕೇಳುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದೆವು. ದಾರವನ್ನು ಬಿಡಿಸಿ ಮತ್ತೆ ಸುತ್ತಿಡುವ ಕೆಲಸ ಮಾತ್ರ ಅಟೆಂಡರಿನದು.

ಆ ದಾರದ ಆಟವನ್ನು ನಾನು ಕೆಜಿಎಫ್‌ಗೆ ತಂದೆ. ಮೂರು ಕಚೇರಿ, ನಮ್ಮ ಸಂಸ್ಥೆ, ಮಕ್ಕಳ ಪೋಷಕರು, ಹೀಗೆ ಐದು ಪಾಲುದಾರರ ಒಂದು ಸಮಿತಿ. ಯಾರೂ ಮೇಲಲ್ಲ, ಯಾರೂ ಕೆಳಗಲ್ಲ. ಆದ್ದರಿಂದ ಪ್ರತಿ ತಿಂಗಳೂ ಅಧ್ಯಕ್ಷ ಸ್ಥಾನ ಒಬ್ಬರಿಂದ ಒಬ್ಬರಿಗೆ ಹೋಗಬೇಕು. ಯಾವ ತೀರ್ಮಾನಕ್ಕೂ ಐವರ ಸಹಿ ಬೇಕು. ಐದು ದಳದ ಹೂವಿನ ಚಿತ್ರವನ್ನು ನಾನೇ ಬಿಡಿಸಿ, ಲ್ಯಾಮಿನೇಟ್ ಮಾಡಿಸಿ, ರಾಬರ್ಟ್‌ಸನ್‌ಪೇಟೆಯ ನಮ್ಮ ಕಚೇರಿಯ ಗೋಡೆಗೆ ಹಾಕಿದೆ. ಕೆಳಗೆ ಬೇಕರಿ, ಮೇಲೆ ಕಚೇರಿ. ಮಧ್ಯಾಹ್ನದ ಹೊತ್ತು ಬೇಕರಿಯ ಡಾಲ್ಡಾ ವಾಸನೆ ಮೆಟ್ಟಿಲು ಹತ್ತಿ ಬಂದು ಆ ಹೂವಿನ ಮುಂದೆ ನಿಲ್ಲುತ್ತಿತ್ತು. ಈಗಲೂ ಯಾವುದಾದರೂ ಸಭೆಯಲ್ಲಿ "ನಾವೆಲ್ಲ ಒಟ್ಟಾಗಿ" ಎಂಬ ಮಾತು ಬಂದರೆ ನನಗೆ ಮೊದಲು ಡಾಲ್ಡಾ ವಾಸನೆಯೇ ಬರುವುದು.

ಸಮಿತಿಯ ಮುಂದೆ ಮೊದಲು ಬಂದದ್ದು ಕಾಮಸಮುದ್ರದ ಕಡೆಯ ಒಂದು ಹಳ್ಳಿಯ ಹುಡುಗಿ. ನಾಲ್ಕು ವರ್ಷ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಮೈ ಸೆಟೆದುಕೊಂಡಿತ್ತು. ಕತ್ತು ನಿಲ್ಲುತ್ತಿರಲಿಲ್ಲ, ಕೂರಲು ಬರುತ್ತಿರಲಿಲ್ಲ. ನಗು ಮಾತ್ರ ಬೇಗ ಬರುತ್ತಿತ್ತು. ಮಲಗಿಸಿ ತಿನ್ನಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗುತ್ತಿತ್ತು. ಹಾಗಾಗಿ ಎದೆಯಲ್ಲಿ ಸೋಂಕು ತುಂಬಿ ಎರಡು ಸಲ ಆಸ್ಪತ್ರೆ ಸೇರಿದ್ದಳು. ಸೊಂಟ ಮಡಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದ ಊರಿಸಿ ನೆಟ್ಟಗೆ ಕೂರಿಸಿದರೆ ನುಂಗುತ್ತಾಳೆ ಎಂದು ಫಿಸಿಯೋ ಕಂಡುಕೊಂಡಿದ್ದರು. ಅವಳಿಗೆ ಬೇಕಾಗಿದ್ದದ್ದು ಅಳತೆಗೆ ಮಾಡಿಸಿದ ಒಂದು ಕುರ್ಚಿ. ಕುರ್ಚಿ ಇದ್ದರೆ ಊರಿನ ಅಂಗನವಾಡಿಗೆ ಸೇರಿಸಿಕೊಳ್ಳುತ್ತೇನೆ, ಇಲ್ಲದಿದ್ದರೆ ನನಗೆ ಭಯ ಎಂದು ಅಲ್ಲಿನ ಟೀಚರ್ ಸ್ಪಷ್ಟವಾಗಿ ಹೇಳಿದ್ದರು. ಅದು ನ್ಯಾಯವಾದ ಭಯ. ಮಗು ಅಂಗನವಾಡಿಯಲ್ಲಿದ್ದರೆ ತಾಯಿ ಟೊಮೇಟೊ ಕೀಳುವ ಕೂಲಿಗೆ ಹೋಗಬಹುದಿತ್ತು. ಮಗು ಇನ್ನೊಂದು ಸಲ ಎದೆ ಕಟ್ಟಿಕೊಂಡು ಆಸ್ಪತ್ರೆಗೆ ಹೋಗದೆ ಉಳಿಯುವುದು ಒಂದು ಕುರ್ಚಿಯ ಮೇಲೆ ನಿಂತಿತ್ತು. ಇದು ಸಮಿತಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ, ಟಿಪ್ಪಣಿ ತಯಾರಿಸಿ ಐವರಿಗೂ ಕೊಟ್ಟವನು ನಾನೇ.

ಮೊದಲ ತಿಂಗಳು ತಾಯಿ ಎರಡು ಬಸ್ಸು ಬದಲಾಯಿಸಿ, ಮಗುವನ್ನು ಸೊಂಟದ ಮೇಲೆ ಹೊತ್ತು ರಾಬರ್ಟ್‌ಸನ್‌ಪೇಟೆಗೆ ಬಂದರು. ಸ್ವಾಗತ ಆಯಿತು, ಪ್ರಾರ್ಥನೆ ಆಯಿತು, ಅಧ್ಯಕ್ಷರಿಗೆ ಶಾಲು ಹೊದಿಸಿದ್ದಾಯಿತು. ಫಿಸಿಯೋ ಟೇಪು ಹಿಡಿದು ಮಗುವಿನ ಸೊಂಟದಿಂದ ಮಂಡಿಗೆ, ಮಂಡಿಯಿಂದ ಹಿಮ್ಮಡಿಗೆ ಅಳೆದು ಬರೆದುಕೊಂಡರು. ಎಲ್ಲರೂ ಸಂತೋಷಪಟ್ಟರು. ಒಬ್ಬರು ಸಹಿ ಹಾಕಿದರು. ಉಳಿದವರು ತಮ್ಮ ಕಚೇರಿಯಲ್ಲಿ ಕಡತಕ್ಕೆ ಸೇರಿಸಿಕೊಂಡು ಸಹಿ ಹಾಕುವುದಾಗಿ ಹೇಳಿದರು.

ಎರಡನೆಯ ತಿಂಗಳು ಬೇರೆ ಅಧ್ಯಕ್ಷರು. ನಾನು ಊಹಿಸದೇ ಇದ್ದದ್ದು ನಡೆದದ್ದು ಆಗ. ನಮ್ಮ ಕಡೆ ಯಾರಿಗೆ ಶಾಲು ಹೊದಿಸುತ್ತಾರೋ ಅವರ ಕಾಲದಲ್ಲೇ ಕೆಲಸ ಶುರುವಾಗಿ ಅವರ ಕಾಲದಲ್ಲೇ ಮುಗಿಯಬೇಕು. ಹಿಂದಿನವರು ಶುರು ಮಾಡಿದ್ದಕ್ಕೆ ಸಹಿ ಹಾಕಿದರೆ ತಮ್ಮದು ಏನೂ ಉಳಿಯುವುದಿಲ್ಲ. ಹೊಸ ಅಧ್ಯಕ್ಷರು ಬಹಳ ವಿನಯದಿಂದ, "ಮೊದಲಿಂದ ನೋಡ್ಕೊಂಡು ಬರೋಣ" ಎಂದರು. ಹೊಸ ಅರ್ಜಿ ನಮೂನೆ ಬಂತು. ಮಗುವನ್ನು ಮತ್ತೆ ಅಳೆದರು. ಮೂರನೆಯ ತಿಂಗಳ ಅಧ್ಯಕ್ಷರು ಮಗುವಿನ ಪೂರ್ತಿ ಕಥೆಯನ್ನು ಸ್ಲೈಡುಗಳಲ್ಲಿ ತೋರಿಸಿ ಎಂದರು. ತೋರಿಸಿದೆವು, ಮತ್ತೆ ಅಳೆದೆವು. ಅಷ್ಟರಲ್ಲಿ ಹೊಸ ಅಧ್ಯಕ್ಷರಿಗೆ ಮಗುವಿನ ಕೈಯಲ್ಲೇ ಗುಲಾಬಿ ಕೊಡಿಸಿದರೆ ಚೆನ್ನ ಎಂದು ಯಾರಿಗೋ ಹೊಳೆದಿತ್ತು. ಆ ಹುಡುಗಿಯ ಮುಷ್ಟಿ ಬಿಗಿದರೆ ಬಿಚ್ಚುತ್ತಿರಲಿಲ್ಲ. ಹೂವಿನ ತೊಟ್ಟನ್ನು ಬೆರಳುಗಳ ನಡುವೆ ತುರುಕಿ, ಫೋಟೋ ತೆಗೆದು, ಆಮೇಲೆ ತೊಟ್ಟನ್ನು ಹೊರಗೆಳೆಯಬೇಕಾಗಿತ್ತು. ಮುಳ್ಳು ಇತ್ತೇ? ಇರಲಿಲ್ಲ ಎಂದು ನಾನು ನಂಬಿಕೊಂಡಿದ್ದೇನೆ.

ಆ ಮೂರನೆಯ ಸಭೆಯಲ್ಲಿ ತಾಯಿ ಮೊದಲ ಸಲ ಬಾಯಿ ಬಿಟ್ಟರು. ಟೇಪು ಹೊರಗೆ ಬಂದದ್ದನ್ನು ಕಂಡು ನನ್ನ ಕಡೆ ತಿರುಗಿ, "ಓದ್ ತಿಂಗ್ಳೂ ಅಳ್ದ್ರಿ, ಅದ್ರ್ ಇಂದಿನ್ ತಿಂಗ್ಳೂ ಅಳ್ದ್ರಿ. ಬಟ್ಟೆ ಒಲಿಯೋನ್ ಕೂಡ ಒಂದೇ ಸಲ ಅಳ್ಯೋದು ಸಾ" ಅಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಧ್ಯಕ್ಷರು, "ನೋಡಿ, ಪೋಷಕರು ಧೈರ್ಯವಾಗಿ ಮಾತಾಡ್ತಿದಾರೆ, ಇದೇ ಸಹಭಾಗಿತ್ವ" ಎಂದರು. ನಾನು ಅದನ್ನು ಬರೆದುಕೊಂಡೆ.

ನಾಲ್ಕನೆಯ ತಿಂಗಳು ನಡೆದದ್ದು ಬಿಸ್ಕತ್ತಿನ ಪ್ರಕರಣ. ಮಗು ತಾಯಿಯ ತೊಡೆಯ ಮೇಲೆ ಅಂಗಾತ ಮಲಗಿತ್ತು. ಶಾಲು, ಹೂವು ಮುಗಿದಿತ್ತು. ಕೆಳಗಿನ ಬೇಕರಿಯಿಂದ ಚಹಾ, ಕ್ರೀಮ್ ಬಿಸ್ಕತ್ತು ಬಂದವು. ಮಗು ತಟ್ಟೆಯ ಕಡೆ ನೋಡಿ ಬಾಯಿ ತೆರೆಯಿತು. ಯಾರೋ, ಉಂಗುರದ ಕೈ ಅಥವಾ ನನ್ನ ಕೈ, ಒಂದು ತುಂಡು ಮುರಿದು ಒಳಗಿಟ್ಟಿತು. ಮೊಬೈಲುಗಳು ಕ್ಲಿಕ್ಕಿಸಿದವು. ಮಲಗಿದ್ದಾಗ ನುಂಗಲಾಗದ ಮಗು ಎಂದು ಬರೆದ ಟಿಪ್ಪಣಿ ಅದೇ ಮೇಜಿನ ಮೇಲೆ, ಅದೇ ಬಿಸ್ಕತ್ತಿನ ತಟ್ಟೆಯ ಅಡಿಯಲ್ಲಿತ್ತು.

ಮಗುವಿನ ಮುಖ ಕೆಂಪಾಗಿ ಆಮೇಲೆ ನೀಲಿಯತ್ತ ತಿರುಗಿತು. ಶಬ್ದವೇ ಬರಲಿಲ್ಲ. ತಾಯಿ ಯಾರನ್ನೂ ಕೇಳದೆ ಅವಳನ್ನು ತೋಳಿನ ಮೇಲೆ ಬೋರಲು ಹಾಕಿ, ಎರಡು ಹೆಗಲ ನಡುವೆ ಅಂಗೈಯಿಂದ ಬಲವಾಗಿ ಹೊಡೆದರು. ಐದೋ ಆರೋ ಸಲ. ಫಿಸಿಯೋ ಕುರ್ಚಿ ಬೀಳಿಸಿಕೊಂಡು ಓಡಿಬಂದು ತಲೆ ಹಿಡಿದರು. ಜೊಲ್ಲಿನಲ್ಲಿ ನೆನೆದ ಬಿಸ್ಕತ್ತಿನ ಮುದ್ದೆ ಬಾಯಿಗೆ ಬಂತು. ತಾಯಿ ಅದನ್ನು ಬೆರಳಿನಿಂದ ಬಳಿದು ಕಾರ್ಯಸೂಚಿಯ ಹಾಳೆಯ ಮೇಲೆ ಒರೆಸಿದರು. ಮಗು ಅತ್ತಿತು. ಆ ಅಳು ಕೇಳಿ ಮೇಜಿನ ಸುತ್ತ ಇದ್ದವರೆಲ್ಲ ಏನು ಮಾಡಿದರು ಎಂಬುದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಚಹಾ ಕಪ್ಪನ್ನು ಆ ಹಾಳೆಯಿಂದ ಸ್ವಲ್ಪ ದೂರ ಸರಿಸಿಕೊಂಡರು.

"ಆ ಫೋಟೋ ಗ್ರೂಪಿಗೆ ಹಾಕ್ಬೇಡಿ" ಎಂದು ಯಾರೋ ಅಂದರು. ಅಧ್ಯಕ್ಷರು, "ಪಾಪ, ಏನೂ ಆಗ್ಲಿಲ್ವಲ್ಲ, ದೇವರು ದೊಡ್ಡವನು. ಮೂರನೇ ವಿಷಯಕ್ಕೆ ಬರೋಣ" ಎಂದರು. ಮೂರನೆಯ ವಿಷಯ ಏನೆಂದರೆ ಮುಂದಿನ ತಿಂಗಳು ಪೋಷಕರ ಸರದಿ, ಅಧ್ಯಕ್ಷತೆ ಈ ತಾಯಿಯದೇ. ಆ ಹೆಸರನ್ನು ಪಟ್ಟಿಗೆ ಬರೆದವನು ನಾನು. ಆಕೆಯನ್ನು ಕೇಳಿದ್ದೆನೇ? ಕೇಳಿದ್ದರೆ ಉತ್ತರ ನೆನಪಿರಬೇಕಿತ್ತು.

"ಮುಂದಿನ ಸಲ ನೀವೇ ಈ ಕುರ್ಚೀಲಿ ಕೂತ್ಕೋಬೇಕಮ್ಮ" ಎಂದು ಅಧ್ಯಕ್ಷರು ನಗುತ್ತಾ ತಮ್ಮ ಕುರ್ಚಿಯ ತೋಳು ತಟ್ಟಿ ತೋರಿಸಿದರು.

ತಾಯಿ ಆ ಕುರ್ಚಿಯನ್ನು ಒಂದು ಸಲ ನೋಡಿದರು. "ನಂಗ್ಯಾಕ್ ಸಾಮಿ ಕುರ್ಚಿ? ನಾ ನೆಲದ್ಮ್ಯಾಗೆ ಕೂತ್ಕೊಂತೀನಿ. ಕುರ್ಚಿ ಕೇಳಿದ್ದು ನಮ್ ಪಾಪಂಗೆ" ಅಂದರು. ಸೆರಗಿನಿಂದ ಮಗುವಿನ ಬಾಯಿ ಒರೆಸಿ ಎದ್ದರು. ಬಾಗಿಲ ಹತ್ತಿರ ಹೋಗಿ ನನಗೆ ಮಾತ್ರ ಕೇಳುವಂತೆ, "ಓಯ್ತೀನಿ ಸಾ" ಅಂದರು. ನಮ್ಮ ಕಡೆ ಹೊರಡುವವರು ಎಷ್ಟೇ ಕೋಪ ಇದ್ದರೂ "ಬತ್ತೀನಿ" ಎಂದೇ ಹೇಳಿ ಹೊರಡುವುದು.

ಅವರು ಮತ್ತೆ ಬರಲಿಲ್ಲ. ನಾನು ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಐದನೆಯ ಸಭೆಗೆ ವಾರವಿರುವಾಗ, ಆಪ್ತಸಮಾಲೋಚನೆ ಎಂಬ ಹೆಸರಿನಲ್ಲಿ ಆಕೆಯನ್ನು ಒಪ್ಪಿಸಿ ಕರೆತರಲು ಕಾಮಸಮುದ್ರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ತಯಾರಿ ಮಾಡಿಕೊಳ್ಳುತ್ತಿದ್ದೆ. ಕ್ಷಮೆ ಕೇಳುವ ಮಾತೊಂದು ಇತ್ತು. ಅದನ್ನು ಎಷ್ಟು ಸಲ ತಿದ್ದಿದೆನೆಂದರೆ ಊರು ಬರುವಷ್ಟರಲ್ಲಿ ಅದರಲ್ಲಿ ತಪ್ಪು ಮಾಡಿದವರೇ ಯಾರೂ ಉಳಿದಿರಲಿಲ್ಲ.

ಮನೆಗೆ ಬೀಗ. ಪಕ್ಕದ ಮನೆಯವರು ಅಂಗನವಾಡಿಯ ಕಡೆ ಕೈ ತೋರಿಸಿದರು. ಅಂಗನವಾಡಿಯ ಬಾಗಿಲಲ್ಲಿ ಸಹಾಯಕಿ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ಕಂಡವರೇ ಒಳಗೆ ತಿರುಗಿ, "ಅಕ್ಕೋ, ಮೀಟಿಂಗ್ ಸಾರ್ ಬಂದವ್ರೆ!" ಎಂದು ಕೂಗಿದರು. ಟೀಚರ್ ಓಡಿಬಂದು ಬಾಗಿಲಿಗೆ ಅಡ್ಡ ನಿಂತರು. ನೆಂಟರನ್ನು ತಡೆಯಲಾರದೆ, ಒಳಗೂ ಬಿಡಲಾರದೆ ನಿಲ್ಲುವವರ ಹಾಗೆ. ಅವರ ಭುಜದ ಮೇಲಿಂದ ನನಗೆ ಒಳಗಿನ ಮೂಲೆ ಕಂಡಿತು.

ಮೂಲೆಯಲ್ಲಿ ಹಸಿರು ಬಣ್ಣದ ಟೊಮೇಟೊ ಕ್ರೇಟು. ಅದರ ಮುಂದಿನ ಬದಿಯನ್ನು ಕತ್ತರಿಸಿ ತೆಗೆದಿದ್ದರು. ಕತ್ತರಿಸಿದ ಅಂಚಿಗೆ ಹಳೆಯ ಸೀರೆಯ ಪಟ್ಟಿ ಸುತ್ತಿ ಹೊಲಿದಿದ್ದರು. ಬೆನ್ನಿಗೆ ಗೋಡೆಯ ಎರಡು ಮಗ್ಗುಲು, ಸೊಂಟಕ್ಕೆ ಅಡ್ಡಲಾಗಿ ಮೆತ್ತನೆಯ ಬಟ್ಟೆಯ ಪಟ್ಟಿ, ಎಡಗಡೆ ಸ್ವಲ್ಪ ಹೆಚ್ಚು ಮೆತ್ತೆ, ಪಾದದ ಕೆಳಗೆ ಬಟ್ಟೆ ಸುತ್ತಿದ ಇಟ್ಟಿಗೆ. ಅದರಲ್ಲಿ ಹುಡುಗಿ ಕೂತಿದ್ದಳು. ಕೂತಿದ್ದಳು. ಐದು ತಿಂಗಳಲ್ಲಿ ಅವಳನ್ನು ಕೂತ ಸ್ಥಿತಿಯಲ್ಲಿ ನಾನು ನೋಡಿದ್ದು ಅದೇ ಮೊದಲು. ಅವಳ ಮುಖ ನಾನು ತಿಳಿದಿದ್ದಕ್ಕಿಂತ ಬೇರೆಯಾಗಿತ್ತು. ಮಲಗಿದ ಮುಖವನ್ನಷ್ಟೇ ನಾನು ನೋಡಿದ್ದೆ.

ಇದನ್ನು ಯಾರು ಮಾಡಿದರು ಎಂದು ಕೇಳಿದೆ. ಟೀಚರ್ ಸಹಾಯಕಿಯ ಕಡೆ ಕಣ್ಣು ಬಿಟ್ಟರು. ಸಹಾಯಕಿಗೆ ತಡೆಯಲಾಗಲಿಲ್ಲ.

"ಕುಯ್ದಿದ್ದು ನಾನು ಸಾ. ಕುಡ್ಗೋಲು ಕಾಯ್ಸಿ ಕುಯ್ದೆ. ಆ ಪ್ಲಾಸ್ಟಿಕ್ ನಾತಕ್ಕೆ ಎರ್ಡ್ ದಿನ ಊಟ ಸೇರ್ಲಿಲ್ಲ."

"ನೀನ್ ಕುಯ್ದಿದ್ ಮೊದ್ಲನೇದು ಆಳಾಗೋಯ್ತಲ್ಲೇ" ಎಂದು ಟೀಚರ್ ಬಾಯಿ ತಪ್ಪಿ ಅಂದುಬಿಟ್ಟರು.

"ನಿಮ್ ಫೋನ್ ಡಾಕ್ಟರಮ್ಮ ಒಂದ್ ಏಳಿದ್ರು, ನೀವ್ ಒಂದ್ ಕೇಳುಸ್ಕೊಂಡ್ರಿ. ನಂದೇನ್ ತಪ್ಪು?"

ಆಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಫೋನ್ ಡಾಕ್ಟರಮ್ಮ ಎಂದರೆ ನಮ್ಮ ಫಿಸಿಯೋ. ಬಿಸ್ಕತ್ತಿನ ದಿನ ಸಂಜೆಯೇ ಟೀಚರ್ ಅವರಿಗೆ ಫೋನ್ ಮಾಡಿದ್ದರು. ಫಿಸಿಯೋ ವಿಡಿಯೋದಲ್ಲಿ ಸೊಂಟ ಎಷ್ಟು ಮಡಿಯಬೇಕು, ಪಾದ ಎಲ್ಲಿ ಊರಬೇಕು ಎಂದು ತೋರಿಸಿದ್ದರು. ಕ್ರೇಟನ್ನು ತಾಯಿ ಹೊಲದಿಂದ ತಂದಿದ್ದರು. ಮಗು ಎಡಕ್ಕೆ ವಾಲುತ್ತದೆ, ಅಲ್ಲಿ ಹೆಚ್ಚು ಬಟ್ಟೆ ಬೇಕು ಎಂದವರು ಅವರೇ. ಆ ವಿಷಯ ನಮ್ಮ ಮೂರು ಅಳತೆಗಳಲ್ಲಿ ಒಂದರಲ್ಲೂ ಇರಲಿಲ್ಲ. ಮಗುವಿನ ಮುಖ ಗೋಡೆಗೆ ಬೇಡ, ಮಕ್ಕಳ ಕಡೆಗೇ ಇರಲಿ ಎಂದು ಟೀಚರ್ ಹಟ ಹಿಡಿದಿದ್ದರು. ಅದರ ಮೇಲೆ ಅವರಿಗೂ ಫಿಸಿಯೋಗೂ ಜಗಳವಾಗಿ, ಒಂದು ಇಡೀ ದಿನ ಇಬ್ಬರೂ ಫೋನಿನಲ್ಲಿ ಮಾತು ಬಿಟ್ಟು, ಮಾರನೆಯ ದಿನ ಫಿಸಿಯೋ ಸೋತಿದ್ದರು. ನಾಲ್ಕು ಹೆಂಗಸರು, ಹನ್ನೊಂದು ದಿನ, ಎರಡು ಕ್ರೇಟು. ಹನ್ನೊಂದು ಎಂದು ಟೀಚರ್ ಹೇಳಿದ ನೆನಪು.

ನನಗೆ ಮೊದಲು ಸಂತೋಷವಾಗಬೇಕಿತ್ತು. ಆಗಿದ್ದು ಅವಮಾನ. ಅದರ ಹಿಂದೆಯೇ ಇನ್ನೊಂದು ಆಸೆ ಬಂತು, ಅದಕ್ಕಿಂತ ಕೀಳಾದದ್ದು: ಇದನ್ನು ನಮ್ಮ ಸಮಿತಿಯ ಸಾಧನೆ ಎಂದು ಎಷ್ಟು ಚೆನ್ನಾಗಿ ಬರೆಯಬಹುದು! ಕೈ ತಾನಾಗಿ ಜೇಬಿನಿಂದ ಮೊಬೈಲು ತೆಗೆದಿತ್ತು.

"ಫೋಟೋ ಇಡೀಬ್ಯಾಡಿ ಸಾ, ನಾನಿನ್ನೂ ತಲೆ ಬಾಚಿಲ್ಲ" ಎಂದರು ಸಹಾಯಕಿ.

ಟೀಚರ್ ನಗಲಿಲ್ಲ. "ಬರೀಬೇಡಿ ಸಾರ್" ಎಂದು ಕೈ ಮುಗಿದರು. "ಬರುದ್ರೆ ಅವ್ರೆಲ್ಲಾ ಇಲ್ಲಿಗ್ ಬತ್ತಾರೆ. ಬಂದ್ರೆ ಇದಕ್ಕೆ ಅಪ್ರೂವಲ್ ಎಲ್ಲಿ ಅಂತಾರೆ, ತೆಗ್ಸಾಕ್ತಾರೆ. ಇಲ್ಲಾ ಅಂದ್ರೆ ಈ ಕ್ರೇಟ್‌ಗೂ ಒಂದ್ ಶಾಲು ಆಕಿ ಫೋಟೋ ತೆಗೀತಾರೆ. ಎರಡ್ರಲ್ಲಿ ಯಾವ್ದಾದ್ರೂ ಪಾಪು ಊಟ ಕೆಡ್ತದೆ."

ಆ ಹೊತ್ತಿಗೆ ತಾಯಿ ಹೊಲದಿಂದ ಬಂದರು. ಕೈಬೆರಳುಗಳು ಟೊಮೇಟೊ ಗಿಡದ ಹಸಿರು ಅಂಟಿ ಕಪ್ಪಾಗಿದ್ದವು. ನನ್ನನ್ನು ನೋಡಿದರು. ಕೈ ತೊಳೆದು, ಮೆತ್ತಗೆ ಕಲಸಿದ ಅನ್ನ ಸಾರಿನ ಬಟ್ಟಲು ಹಿಡಿದು ಕ್ರೇಟಿನ ಮುಂದೆ ನೆಲದ ಮೇಲೆ ಕೂತರು. ನಾನು ಬಸ್ಸಿನಲ್ಲಿ ತಿದ್ದಿ ತಿದ್ದಿ ಇಟ್ಟಿದ್ದ ಮಾತನ್ನು ಹೇಳಲು ಬಾಯಿ ತೆರೆದೆ.

"ಈಗ ಬ್ಯಾಡ ಸಾ" ಅಂದರು ಅವರು, ಚಮಚದಿಂದ ಕಣ್ಣು ತೆಗೆಯದೆ. "ಪಾಪ ಉಣ್ಣೋವಾಗ ಮಾತಾಡುದ್ರೆ ನಗ್ತದೆ. ನಕ್ರೆ ಅನ್ನ ಒಳಕ್ಕೋಯ್ತದೆ."

ಬಸ್ಸಿಗೆ ಹೊರಟುಬಂದೆ. ಬರೆಯುವುದಿಲ್ಲ ಎಂದು ಟೀಚರಿಗೆ ಮಾತು ಕೊಟ್ಟೆನೋ, ಸುಮ್ಮನೆ ತಲೆಯಾಡಿಸಿದೆನೋ. ಅವರ ಪ್ರಕಾರ ಕೊಟ್ಟೆ.

ಐದನೆಯ ಸಭೆಯಲ್ಲಿ ಅಧ್ಯಕ್ಷರ ಕುರ್ಚಿ ಖಾಲಿ. ಅದರ ಮುಂದೆ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಶಾಲು. ಹತ್ತು ನಿಮಿಷ ಎಲ್ಲರೂ ಆ ಶಾಲನ್ನೇ ನೋಡುತ್ತಾ ಕೂತೆವು. ಆಮೇಲೆ ಹಿರಿಯರೊಬ್ಬರು "ಕಾರ್ಯಕ್ರಮ ನಿಲ್ಲೋದು ಬೇಡ" ಎಂದು ಹೋಗಿ ಕೂತರು. ಶಾಲು ಅವರ ಹೆಗಲಿಗೆ ಹೋಯಿತು. ನಾಲ್ಕು ತಿಂಗಳಿಂದ ಬಾಕಿ ಇದ್ದ ಕಡತ ಮುಂದೆ ಬಂತು. ಬಾಕಿ ಇರುವುದು ಅಲ್ಲಿದ್ದ ಎಲ್ಲರಿಗೂ ಕಿರಿಕಿರಿಯಾಗಿತ್ತು, ಮೇಲಿನವರು ಕೇಳುತ್ತಿದ್ದರು. ಮುಚ್ಚಲು ಒಂದು ಕಾರಣ ಬೇಕಿತ್ತು.

ನಡಾವಳಿಯಲ್ಲಿ ಈಗಲೂ ಇರುವ ವಾಕ್ಯ ಇದು: "ಪುನರಾವರ್ತಿತ ಸಂಪರ್ಕದ ನಂತರವೂ ಪೋಷಕರ ಅಸಹಕಾರದ ಕಾರಣ ಸದರಿ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ." ಆ ದಿನವೇ ಐದು ಸಹಿ ಬಿದ್ದವು. ಐದು ತಿಂಗಳಲ್ಲಿ ಐದೂ ಸಹಿ ಒಂದೇ ದಿನ ಬಿದ್ದ ಏಕೈಕ ಹಾಳೆ ಅದು. ಪೋಷಕರ ಜಾಗದಲ್ಲಿ ಅವರ ಪರವಾಗಿ ಎಂದು ಇನ್ನೊಬ್ಬರು ಸಹಿ ಹಾಕಿದರು.

ಆ ವಾಕ್ಯ ಹೇಳಿದವರು ಯಾರು? ಟೈಪು ಮಾಡಿದ ಹಾಳೆ, ಕೈಬರಹ ನೋಡಿ ತಿಳಿಯುವಂತಿಲ್ಲ. ಹಿರಿಯರು ಉಕ್ತಲೇಖನ ಕೊಟ್ಟರು ಎಂದು ನನ್ನ ನೆನಪು. ಆದರೆ ಆ ಹಿರಿಯರು ಮಾತಾಡುವುದು ನನಗೆ ಗೊತ್ತು, "ಬರ್ಲಿಲ್ಲ ಅಂತ ಬರ್ಕೊಳ್ರಿ" ಎನ್ನುವವರು ಅವರು. "ಪುನರಾವರ್ತಿತ ಸಂಪರ್ಕ" ಎಂಬ ಮಾತು ಆ ಕೋಣೆಯಲ್ಲಿ ಬರಬಹುದಾಗಿದ್ದದ್ದು ಒಂದೇ ಬಾಯಿಂದ. ಮೇಜಿನ ಆಚೆ ಫಿಸಿಯೋ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮಗು ಅಂಗನವಾಡಿಯಲ್ಲಿ ಕೂತಿದೆ ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ಕ್ರೇಟನ್ನು ಕಾಪಾಡಲು ಸುಮ್ಮನಿದ್ದೆ ಎಂದು ನಾನು ಆಮೇಲೆ ಹೇಳಿಕೊಂಡೆ. ಕಡತ ಮುಚ್ಚಿದರೆ ಆ ಊರಿಗೆ ಯಾರೂ ಹೋಗುವುದಿಲ್ಲ, ಮಗು ನೆಮ್ಮದಿಯಾಗಿ ಉಣ್ಣುತ್ತದೆ. ಇದು ನಿಜವೂ ಆಗಿರಬಹುದು. ನನ್ನ ಹೂವಿನ ಚಿತ್ರ ಗೋಡೆಯ ಮೇಲೆ ಉಳಿಯಲಿ ಎಂದೂ ಸುಮ್ಮನಿದ್ದಿರಬಹುದು. ಎರಡೂ ಕಾರಣ ಒಂದೇ ಮೌನದಲ್ಲಿ ಇರಬಲ್ಲವು. ಎಷ್ಟು ಪಾಲು ಯಾವುದು ಎಂದು ಬಿಡಿಸಲು ಹೋದಾಗಲೆಲ್ಲ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ. ನಾಲ್ಕು ಸಲ ಮಗುವನ್ನು ಹೊತ್ತು ಬಂದ ಹೆಂಗಸಿನ ಮೇಲೆ ಅಸಹಕಾರ ಎಂಬ ಪದ ಹಾಗೇ ಇದೆ. ಅದನ್ನು ತೆಗೆಸಲು ಕೇಳಿದೆ. ತಿದ್ದುಪಡಿಗೆ ಐವರ ಸಹಿ ಬೇಕು ಎಂದರು. ಆ ನಿಯಮ ನಾನೇ ಬರೆದದ್ದು.

ವರ್ಷ ತುಂಬುವ ಮೊದಲು ಆ ಕೆಲಸ ಬಿಟ್ಟೆ. ಪಶ್ಚಾತ್ತಾಪದಿಂದಲ್ಲ. ಬೇರೆ ಜಿಲ್ಲೆಯಲ್ಲಿ ಬೇರೆ ಯೋಜನೆ ಸಿಕ್ಕಿತು, ನನಗೆ ಒಂದೇ ಕಡೆ ಬಹಳ ದಿನ ಕೂರಲಾಗುವುದಿಲ್ಲ.

ಹೋದ ಬೇಸಿಗೆಯಲ್ಲಿ ರಾಬರ್ಟ್‌ಸನ್‌ಪೇಟೆ ಬಸ್ ನಿಲ್ದಾಣದ ಹತ್ತಿರ ಫಿಸಿಯೋ ಸಿಕ್ಕರು. ಕೆಜಿಎಫ್‌ನ ಹಳೆಯ ಗಣಿ ಕಾಲೊನಿ ಮೈಸೂರು ಮೈನ್ಸ್‌ನವರು ಅವರು, ಮನೆಯಲ್ಲಿ ತಮಿಳು. ಒಂದು ಅಂಗಡಿಯಲ್ಲಿ ಚಹಾ ಕುಡಿಯುತ್ತಾ ನಿಂತೆವು. ಬಿಸ್ಕತ್ತಿನ ವಿಷಯ ಅವರು ಹೇಳಿದ್ದು ಆಗಲೇ, ಯಾವ ಆಪಾದನೆಯೂ ಇಲ್ಲದ ದನಿಯಲ್ಲಿ. ನಾನು ವಾದಿಸಲಿಲ್ಲ. ನನಗೆ ತಿಳಿಯಬೇಕಿದ್ದದ್ದು ಇನ್ನೊಂದು.

ನಾನು ಕ್ರೇಟು ನೋಡಿದ್ದು ಸಭೆಗೆ ಒಂದು ವಾರ ಮುಂಚೆ. ಕಡತ ಮುಚ್ಚಿದ ದಿನ ಮಗು ಅಲ್ಲಿ ಇತ್ತೇ, ಉಂಡಿತೇ? ಆ ವಾರದಲ್ಲಿ ಮತ್ತೆ ಎದೆ ಕಟ್ಟಿ ಆಸ್ಪತ್ರೆಯಲ್ಲಿ ಮಲಗಿದ್ದರೆ? ಆಗ ನನ್ನ ಮೌನ ಯಾವುದನ್ನೂ ಕಾಪಾಡಿದ್ದಲ್ಲ. ಹಾಜರಿ ಪುಸ್ತಕವನ್ನು ನಂಬುವಂತಿಲ್ಲ, ಅದರಲ್ಲಿ ಎಲ್ಲ ಮಕ್ಕಳೂ ಎಲ್ಲ ದಿನವೂ ಹಾಜರು. ಇದನ್ನೆಲ್ಲ ಅವರಿಗೆ ಹೇಳಿದೆ.

"ಎನ್ನ ಸಾರ್ ನೀವು, ಅವತ್ತು ಕೇಳೋದು ಬಿಟ್ಟು ಇವತ್ತು ಕೇಳ್ತೀರಾ?" ಎಂದರು. ಆದರೂ ಲೋಟ ಕೆಳಗಿಟ್ಟು ಫೋನ್ ತೆಗೆದರು. ಊಟದ ವಿಡಿಯೋವನ್ನು ತಾಯಿ ಹೆಚ್ಚುಕಡಿಮೆ ದಿನವೂ ಟೀಚರ್ ಫೋನಿನಿಂದ ಕಳಿಸುತ್ತಿದ್ದರಂತೆ, ಕತ್ತು ಸರಿಯಾಗಿದೆಯೇ ನೋಡಿ ಹೇಳಲಿ ಎಂದು. ಬೆರಳಿನಿಂದ ಮೇಲೆ ಮೇಲೆ ತಳ್ಳುತ್ತಾ ಹೋದರು. ನೂರಾರು ಊಟಗಳು ಸರಿದುಹೋದವು.

"ಇದು" ಎಂದರು.

"ದಿನಾಂಕ ತೋರಿಸಿ."

"ಅಯ್ಯೋ, ಪೊಲೀಸಾ ನೀವು? ಡಿಟೇಲ್ಸ್ ಇದೆ, ಪಾರುಂಗ."

ನಡಾವಳಿಯ ಪ್ರತಿ ನನ್ನ ಮೊಬೈಲಿನಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ಅದೇ ದಿನ. ಸಭೆ ನಡೆದದ್ದು ಹನ್ನೊಂದೂವರೆಯಿಂದ ಒಂದೂಕಾಲರವರೆಗೆ. ವಿಡಿಯೋ ತೆಗೆದದ್ದು ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ. ಹುಡುಗಿ ಕ್ರೇಟಿನಲ್ಲಿ ನೆಟ್ಟಗೆ ಕೂತು ಹದಿನಾಲ್ಕು ಚಮಚ ಅನ್ನ ನುಂಗುತ್ತಾಳೆ. ಒಂದು ಸಲವೂ ಕೆಮ್ಮುವುದಿಲ್ಲ.